ಕಿಟಕಿಗೆ ಕುಡಿಯುವ ನೀರು

ಕಿಟಕಿಯ ಗಾಜು ಒರೆಸುವುದರಲ್ಲಿ ಸರಿ-ತಪ್ಪಿನ ಪ್ರಶ್ನೆ ಏನಿದೆ ಎಂದು ನೀವು ನಗಬಹುದು. ಆದರೆ ಕೆಲವು ತಿಂಗಳಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹಣ ಕೊಟ್ಟು ತಂದ ಶುದ್ಧ ನೀರನ್ನು ಗಾಜು ತೊಳೆಯಲು ಬಳಸಬಹುದೆ? ನೀರು ನಮ್ಮದು, ಕಿಟಕಿ ನಮ್ಮದು, ದುಡ್ಡೂ ನಮ್ಮದು. ಮತ್ತೆ ಕೇಳುವವರು ಯಾರು?

ಚನ್ನರಾಯಪಟ್ಟಣ ಎಂದೊಡನೆ ಎಲ್ಲರೂ ಹಾಸನ ಜಿಲ್ಲೆಯದೆಂದು ತಿಳಿಯುತ್ತಾರೆ. ನಮ್ಮದು ದೇವನಹಳ್ಳಿ ತಾಲ್ಲೂಕಿನ ಹೋಬಳಿ. ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ, ಕೊಳವೆಬಾವಿ, ಅಷ್ಟೆ. ಕೊಳವೆಬಾವಿಯ ನೀರು ಗಡಸು. ತರಗತಿಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಹೆಂಗಸರಿಗೆ ಅಷ್ಟೆಲ್ಲ ಬೇಕಿಲ್ಲ. ತೊಗರಿಬೇಳೆ ಎಷ್ಟು ಕುದಿಸಿದರೂ ಕರಗದಿದ್ದರೆ, ಸೋಪು ನೊರೆ ಬಿಡದೆ ಹಾಲು ಒಡೆದಂತಾದರೆ, ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟಿದರೆ ಅದು ಗಡಸು ನೀರು. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದೇ ಹೋದರೆ 600ರವರೆಗೆ ಸಹಿಸಿಕೊಳ್ಳಬಹುದು. ಗಡಸಿನ ಜೊತೆಗೆ ಫ್ಲೋರೈಡಿನ ಭಯವೂ ಸೇರಿ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಯಂತ್ರ ಕೆಟ್ಟ ದಿನ ಖಾಲಿ ಕ್ಯಾನು ಹಿಡಿದು ಪಕ್ಕದ ಊರಿಗೆ ಹೋಗಬೇಕು.

ನನ್ನ ಮಗನ ಮನೆ ದೇವನಹಳ್ಳಿಯ ಕಡೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಆ ಕಡೆ ಎದ್ದ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಅದೂ ಒಂದು. ಗೋಡೆಗಿಂತ ಗಾಜೇ ಹೆಚ್ಚು. ಬೋರಿನ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಗಾಜಿನ ತುಂಬ ಸುಣ್ಣದ ಚುಕ್ಕೆ. ಒಂದು ದಿನ ಸೊಸೆ, ಕೆಲಸಕ್ಕೆ ಬರುವಾಕೆಗೆ ಕ್ಯಾನಿನ ನೀರನ್ನೇ ಬಕೆಟ್ಟಿಗೆ ಸುರಿದುಕೊಳ್ಳಲು ಹೇಳಿದಳು. ಆಕೆ ಹತ್ತಿರದ ಹಳ್ಳಿಯವಳು. ಬೆಳಿಗ್ಗೆ ಘಟಕದ ಮುಂದೆ ನಿಂತು ತನ್ನ ಮನೆಯ ಕ್ಯಾನು ತುಂಬಿಸಿಟ್ಟು ಬಂದವಳು. ಸುಮ್ಮನೆ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, "ಕುಡಿಯೋ ನೀರಲ್ವೇನಮ್ಮ, ಸುರಿಯೋಕೆ ಕೈ ಬರಲ್ಲ" ಎಂದಳು.

ಸೊಸೆಗೆ ಕೊಂಚ ಕೋಪ ಬಂತು. "ಅತ್ತೆ, ಅರ್ಧ ಬಕೆಟ್ ನೀರು. ಸ್ನಾನಕ್ಕೆ ನಾವು ಎಷ್ಟು ಸುರೀತೀವಿ? ಅದಕ್ಕೆ ಯಾರೂ ಏನೂ ಅನ್ನಲ್ಲ. ಕಿಟಕಿಗೆ ಹಾಕಿದ್ರೆ ಪಾಪವಾ?"

ಈ ಮಾತು ತಳ್ಳಿಹಾಕುವಂಥದಲ್ಲ. ಸುಣ್ಣದ ಚುಕ್ಕೆಯನ್ನು ವರ್ಷಗಟ್ಟಲೆ ಬಿಟ್ಟರೆ ಗಾಜು ಮಂಕಾಗುವುದು ನಿಜ. ಇನ್ವರ್ಟರಿನ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವಾಗ ಯಾರ ಕೈಯೂ ತಡೆಯುವುದಿಲ್ಲ. ಅಷ್ಟೇ ಏಕೆ, ಮನೆಯ ಆರ್‌ಓ ಫಿಲ್ಟರು ಒಂದು ಲೀಟರ್ ಶುದ್ಧ ನೀರು ಕೊಡುವಷ್ಟರಲ್ಲಿ ಎರಡು-ಮೂರು ಲೀಟರನ್ನು ಚರಂಡಿಗೆ ಕಳಿಸಿರುತ್ತದೆ. (ನಮ್ಮ ಮನೆಯಲ್ಲಿ ಆ ಕೊಳವೆಯ ಕೆಳಗೆ ಬಕೆಟ್ ಇದೆ, ಆ ನೀರು ನೆಲ ಒರೆಸಲು, ಕಕ್ಕಸಿಗೆ ಆಗುತ್ತದೆ.) ಲೀಟರ್ ಲೆಕ್ಕ ಹಿಡಿದು ಕೂತರೆ ಸೊಸೆಯೇ ಗೆಲ್ಲುತ್ತಾಳೆ.

ಕಾನೂನನ್ನು ಕೇಳೋಣವೆಂದರೆ ಅದು ಬರಗಾಲದಲ್ಲಿ ಮಾತ್ರ ಬಾಯಿ ಬಿಡುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಟ್ಟಲು ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಹಾಗಾದರೆ ಕೆರೆ ತುಂಬಿದ ವರ್ಷ ಅದೇ ಕೆಲಸ ಸರಿಯಾಗಿಬಿಡುತ್ತದೆಯೆ?

ನನ್ನನ್ನು ಕಾಡಿದ್ದು "ಕೈ ಬರಲ್ಲ" ಎಂಬ ಆ ಮಾತು. ಅದು ಬರೀ ಭಾವನೆ ಎನ್ನಬಹುದು. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ, ಚೆಲ್ಲಿದ ಅಕ್ಕಿಯನ್ನು ಆರಿಸಿ ತುಂಬುತ್ತೇವೆ. ಲೆಕ್ಕ ಹಾಕಿ ಮಾಡುವ ಕೆಲಸಗಳಲ್ಲ ಅವು. ಆದರೆ ನೀರಿನ ವಿಷಯದಲ್ಲಿ ಭಾವನೆಯನ್ನು ನಂಬಲು ನನಗೆ ಹೆದರಿಕೆ. ಶುದ್ಧ, ಮಡಿ ಎಂಬ ಭಾವನೆಗಳೇ ಅಲ್ಲವೆ ಎಷ್ಟೋ ಜನರನ್ನು ಬಾವಿಯ ಕಟ್ಟೆ ಹತ್ತಗೊಡದಿದ್ದುದು? ಒಂದು ಕೆರೆಯ ನೀರು ಮುಟ್ಟುವುದಕ್ಕಾಗಿ 1927ರಲ್ಲಿ ಅಂಬೇಡ್ಕರರು ಮಹಾಡಿನಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಆ ದೃಷ್ಟಿಯಿಂದ ನಾಣ್ಯದ ಯಂತ್ರ ದೊಡ್ಡ ಉಪಕಾರವನ್ನೇ ಮಾಡಿದೆ. ಅದು ಯಾರ ಜಾತಿಯನ್ನೂ ಕೇಳುವುದಿಲ್ಲ. ಆದರೆ ಬಾಯಾರಿಕೆ ಎಷ್ಟಿದೆ ಎಂದೂ ಅದು ಕೇಳುವುದಿಲ್ಲ. ಅದನ್ನು ಕೇಳಿಕೊಳ್ಳುವ ಕೆಲಸ ನಮಗೇ ಉಳಿಯಿತು.

ಹಾಗೆ ಯೋಚಿಸಿದಾಗ, ಅನ್ಯಾಯ ಆಗುವುದು ನೀರಿಗಲ್ಲ, ಸುರಿಯುವವಳಿಗೆ ಎಂದು ನನಗೆ ತೋರಿತು. ಸ್ನಾನದ ನೀರು ಅವಳ ಮನೆಯಲ್ಲೂ ಬೋರಿನದೇ. ನಾವು ಎರಡು ಬಕೆಟ್ ಹೆಚ್ಚು ಸುರಿದರೆ ಅವಳಿಗೆ ದುಂದು ಎನ್ನಿಸಬಹುದು, ನೋವಾಗದು. ಈ ನೀರನ್ನು ಅವಳು ತನ್ನ ಮಕ್ಕಳಿಗೆ ಲೋಟದ ಲೆಕ್ಕದಲ್ಲಿ ಕೊಡುತ್ತಾಳೆ. ಅದನ್ನೇ, ಅವಳ ಕೈಯಿಂದಲೇ, ಧೂಳು ತೊಳೆಯಲು ಸುರಿಸುವುದೆಂದರೆ ನಿನ್ನ ಮಕ್ಕಳ ಬಾಯಿಗಿಂತ ನಮ್ಮ ಗಾಜು ಮೇಲು ಎಂದು ಅವಳಿಂದಲೇ ಹೇಳಿಸಿದಂತೆ. ಸೊಸೆಯ ಮನಸ್ಸಿನಲ್ಲಿ ಇದಿರಲಿಲ್ಲ, ನನಗೆ ಗೊತ್ತು. ಆದರೆ ಅವಳ ಕಿವಿಗೆ ಕೇಳಿಸುವುದು ಅದೇ.

ಹಾಗಾದರೆ ಆಕೆ ಹೋದ ಮೇಲೆ ಸೊಸೆಯೇ ಸುರಿದುಕೊಂಡು ಒರೆಸಿದರೆ? ಇದಕ್ಕೆ ನನ್ನಲ್ಲಿ ಪೂರಾ ಉತ್ತರವಿಲ್ಲ. ಅಷ್ಟು ಕೆಟ್ಟದಲ್ಲ ಎನ್ನಿಸುತ್ತದೆ. ಆದರೂ ಕ್ಯಾನಿನ ನೀರು ಆಕಾಶದಿಂದ ಬಂದದ್ದಲ್ಲ. ಯಾವುದೋ ಬೋರಿನಿಂದ ಎತ್ತಿದ್ದು, ಅದಕ್ಕಾಗಿ ಇನ್ನೊಂದಷ್ಟು ನೀರು ಚರಂಡಿ ಸೇರಿದ್ದು. ಯಾರೂ ಎದುರಿಗಿಲ್ಲದಿದ್ದರೆ ಯಾರಿಗೂ ಸಂಬಂಧವಿಲ್ಲ ಎಂದಾಗುವುದಿಲ್ಲ.

ಇಷ್ಟೆಲ್ಲ ಯೋಚಿಸಿದ ಮೇಲೆ ಗಾಜಿನ ಮೇಲೆ ಚುಕ್ಕೆ ಏಕಾಗುತ್ತದೆ ಎಂದು ನೋಡಿದೆ. ವಿಷಯ ಸರಳ. ನೀರು ಗಾಜಿನ ಮೇಲೇ ಒಣಗಿದರೆ ನೀರು ಹೋಗುತ್ತದೆ, ಸುಣ್ಣ ಉಳಿಯುತ್ತದೆ. ವೈಪರಿನಿಂದ ನೀರನ್ನು ಎಳೆದು ತೆಗೆದುಬಿಟ್ಟರೆ ಒಣಗಲು ನೀರೇ ಇರುವುದಿಲ್ಲ. ಅದು ಗಡಸಾದರೇನು, ಶುದ್ಧವಾದರೇನು? ಒಂದೇ ರಬ್ಬರಿನ ಈ ಹಗುರ ವೈಪರನ್ನು 1936ರಲ್ಲಿ ರೂಪಿಸಿದವನು ಎಟ್ಟೋರೆ ಸ್ಟೆಕೋನ್. ಇಟಲಿಯಿಂದ ಅಮೆರಿಕಕ್ಕೆ ಹೋಗಿ ಕಿಟಕಿ ಒರೆಸಿ ಬದುಕಿದವನು. ಕೆಲಸ ಮಾಡುವವನ ಕೈಯಿಂದಲೇ ಹುಟ್ಟಿದ ಸಾಮಾನು ಅದು. ಬೋರಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಬಿಸಿಲು ಬಿದ್ದ ಗಾಜನ್ನು ಮುಟ್ಟಬಾರದು, ಎಳೆಯುವ ಮೊದಲೇ ಒಣಗುತ್ತದೆ. ಪ್ರತಿ ಸಲ ಎಳೆದ ಮೇಲೆ ರಬ್ಬರನ್ನು ಬಟ್ಟೆಯಿಂದ ಒರೆಸಬೇಕು. ಅಂಚು, ಮೂಲೆಗಳಿಗೆ ಒಣ ಹತ್ತಿಬಟ್ಟೆ.

ಶುದ್ಧ ನೀರು ನಿಜವಾಗಿ ಬೇಕಾಗುವ ಕಡೆಯೂ ಉಂಟು. ಎತ್ತರದ ಕಟ್ಟಡಗಳಲ್ಲಿ ಉದ್ದನೆಯ ಕೋಲಿಗೆ ಬ್ರಷ್ಷು, ಪೈಪು ಕಟ್ಟಿ ನೆಲದ ಮೇಲೆ ನಿಂತೇ ತೊಳೆಯುತ್ತಾರೆ. ಅಲ್ಲಿ ಒರೆಸಲು ಕೈ ಎಟುಕುವುದಿಲ್ಲ. ನೀರು ತಾನಾಗಿ ಒಣಗಬೇಕು, ಆದ್ದರಿಂದ ಲವಣ ಇರಕೂಡದು. ಆ ನೀರು ಒಬ್ಬ ಹುಡುಗ ಹಗ್ಗಕ್ಕೆ ಜೋತುಬೀಳುವುದನ್ನು ತಪ್ಪಿಸುತ್ತದೆ. ಅದನ್ನು ದುಂದು ಎನ್ನಲು ನನಗೆ ಮನಸ್ಸಿಲ್ಲ.

ಸೊಸೆಯ ಮನೆಯ ವೈಪರಿನ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹೊಸದು ತರಿಸಿದಳು. ಮುಂದಿನ ವಾರ ಆಕೆ ಬೋರಿನ ನೀರಿನಲ್ಲೇ ಒರೆಸಿದಳು. ಮೂಲೆಯಲ್ಲಿ ಎರಡು ಚುಕ್ಕೆ ಉಳಿದಿದ್ದವು. ಸೊಸೆಗೂ ಕಂಡವು, ಏನೂ ಅನ್ನಲಿಲ್ಲ. ಕ್ಯಾನಿನ ನೀರು ಮುಟ್ಟಬೇಡ ಎಂದು ನಾನೂ ಹೇಳಲಿಲ್ಲ, ಅದು ಅವಳ ಮನೆ. ಮಳೆ ನೀರಿನಲ್ಲಿ ಗಡಸಿರುವುದಿಲ್ಲ, ಮಳೆಗಾಲದಲ್ಲಿ ಬಾಲ್ಕನಿಯಲ್ಲೊಂದು ಬಕೆಟ್ ಇಡಮ್ಮ, ನಮ್ಮಜ್ಜಿ ಸೂರಿನ ನೀರು ಹಿಡಿದು ಬೇಳೆ ಬೇಯಿಸುತ್ತಿದ್ದರು ಎಂದಷ್ಟೇ ಹೇಳಿದೆ.

"ಆ ನೀರಲ್ಲಿ ಬೇಳೆ ಬೇಯಿಸ್ಲೋ, ಕಿಟಕಿ ಒರೆಸ್ಲೋ ಅತ್ತೆ?" ಎಂದಳು.