ಹಳತಾಗದ ಪ್ರಶ್ನೆ

ಎಲ್‌ಕೆಜಿ ಮಕ್ಕಳು ಬೆರಳು ಮಡಚಿ ಬಿಡಿಸುತ್ತಾ ಹಾಡುವ ‘ಟ್ವಿಂಕಲ್ ಟ್ವಿಂಕಲ್’ ಪದ್ಯಕ್ಕೆ ಬರೆದಾಕೆ ಇಟ್ಟ ಹೆಸರು ‘ದಿ ಸ್ಟಾರ್’. ಇಂಗ್ಲೆಂಡಿನ ಜೇನ್ ಟೇಲರ್ ತನ್ನ ಅಕ್ಕ ಆ್ಯನ್ ಜೊತೆ ಸೇರಿ ತಂದ ಸಂಕಲನದಲ್ಲಿ ಅದು 1806ರಲ್ಲಿ ಅಚ್ಚಾಯಿತು. ಇರುವುದು ಐದು ಚರಣ. ನಮ್ಮ ತರಗತಿಗಳಲ್ಲಿ ಉಳಿದದ್ದು ಮೊದಲನೆಯದಷ್ಟೇ. ಮುಂದಿನ ಚರಣಗಳಲ್ಲಿ ಕತ್ತಲಲ್ಲಿ ದಾರಿ ಸಾಗುವವನೊಬ್ಬ ಆ ಚೂರು ಬೆಳಕಿಗೆ ಕೃತಜ್ಞನಾಗುತ್ತಾನೆ. ಕೊನೆಗೂ ಪದ್ಯ ಒಪ್ಪಿಕೊಳ್ಳುವುದು, ನಕ್ಷತ್ರವೆಂದರೆ ಏನೆಂದು ತನಗೆ ತಿಳಿಯದು ಎಂದೇ.

ಆಗ ಅದು ದೊಡ್ಡವರಿಗೂ ತಿಳಿದಿರಲಿಲ್ಲ. ನಕ್ಷತ್ರವೊಂದರ ದೂರವನ್ನು ಖಗೋಳ ವಿಜ್ಞಾನಿ ಬೆಸೆಲ್ ಅಳೆದು ಹೇಳಿದ್ದು 1838ರಲ್ಲಿ. ನಕ್ಷತ್ರಗಳು ಯಾವುದರಿಂದ ಆಗಿವೆಯೆಂದು ಮನುಷ್ಯ ಎಂದಿಗೂ ಅರಿಯಲಾರ ಎಂದು ಫ್ರಾನ್ಸಿನ ತತ್ವಜ್ಞಾನಿ ಆಗಸ್ಟ್ ಕಾಂಟ್ 1835ರಲ್ಲಿ ಬರೆದುಬಿಟ್ಟಿದ್ದ. ಕಾಲು ಶತಮಾನವೂ ಕಳೆಯಲಿಲ್ಲ. ಕಿರ್ಕಾಫ್ ಮತ್ತು ಬುನ್ಸೆನ್ ಎಂಬ ವಿಜ್ಞಾನಿಗಳು ಸೂರ್ಯನ ಬೆಳಕಿನ ಕಪ್ಪು ಗೆರೆಗಳಲ್ಲಿ ಧಾತುಗಳ ಗುರುತು ಹಿಡಿದರು. ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಹೆಚ್ಚು ಎಂಬ ಲೆಕ್ಕವನ್ನು ಖಗೋಳ ವಿಜ್ಞಾನಿ ಸಿಸಿಲಿಯಾ ಪೇನ್ ಮುಂದಿಟ್ಟದ್ದು 1925ರಲ್ಲಿ. ಅದನ್ನೂ ಹಿರಿಯ ವಿಜ್ಞಾನಿಗಳು ಮೊದಲು ನಂಬಲಿಲ್ಲ. ‘ನಕ್ಷತ್ರವೇ, ನೀನು ಏನು?’ ಎಂದು ಮಗುವಿನ ಬಾಯಲ್ಲಿ ಸಲೀಸಾಗಿ ಬಂದ ಪ್ರಶ್ನೆಗೆ ಉತ್ತರ ಸಿಗಲು ನೂರು ವರ್ಷ ಮೀರಿ ಹಿಡಿಯಿತು.

ಮಕ್ಕಳಿಗಾಗಿ ಆಕಾಶದ ಪದ್ಯ ಬರೆಯುವ ನಾವು ಹೆಚ್ಚಾಗಿ ಮಾಡುವುದು ಹೀಗೆ ಕೇಳುವುದರ ತದ್ವಿರುದ್ಧ. ಗ್ರಹಗಳ ಹೆಸರನ್ನು ಪ್ರಾಸಕ್ಕೆ ಕೂರಿಸಿ, ಸಾಮಾನ್ಯ ಜ್ಞಾನವನ್ನು ರಾಗದಲ್ಲಿ ಬಾಯಿಪಾಠ ಮಾಡಿಸುತ್ತೇವೆ. 2006ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಸೇರಿದ ಖಗೋಳ ವಿಜ್ಞಾನಿಗಳು ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ಕೈಬಿಟ್ಟರು. ಒಂಬತ್ತು ಗ್ರಹ ಎಣಿಸಿದ ಪದ್ಯಗಳೆಲ್ಲ ಒಂದೇ ದಿನಕ್ಕೆ ತಪ್ಪಾದವು. ಅಷ್ಟುಹೊತ್ತಿಗೆ ಇನ್ನೂರು ತುಂಬಿದ್ದ ಜೇನ್ ಟೇಲರಳ ಪದ್ಯಕ್ಕೆ ಏನೂ ಆಗಲಿಲ್ಲ. ಅದು ಏನನ್ನೂ ಕಲಿಸಲು ಹೊರಟಿರಲಿಲ್ಲ, ಕೇಳಿತ್ತು ಅಷ್ಟೇ.

ಶಾಲಾ ವಾರ್ಷಿಕೋತ್ಸವಕ್ಕೆ ಚಂದ್ರಯಾನದ ಪದ್ಯ ಬರೆಯುವ ಮೇಷ್ಟ್ರುಗಳು ತಾರೀಖು, ತೂಕ, ವೇಗಗಳನ್ನು ಪಠ್ಯಪುಸ್ತಕಕ್ಕೆ ಬಿಡಲಿ. 2023ರಲ್ಲಿ ಚಂದ್ರನ ಮೇಲಿಳಿದ ವಿಕ್ರಮ್ ಲ್ಯಾಂಡರ್, ಅಲ್ಲಿನ ಒಂದು ಹಗಲು ದುಡಿಯಿತು. ಆ ಹಗಲೆಂದರೆ ನಮ್ಮ ಹದಿನಾಲ್ಕು ದಿನ. ಆಮೇಲೆ ಕವಿದ ರಾತ್ರಿಯ ಕಡುಚಳಿಯಲ್ಲಿ ಮಲಗಿದ್ದು ಮತ್ತೆ ಏಳಲೇ ಇಲ್ಲ. ಇಷ್ಟು ಹೇಳಿ ಸುಮ್ಮನಾದರೆ ಸಾಕು, ‘ಅದಕ್ಕೆ ಯಾಕೆ ಕಂಬಳಿ ಹೊದಿಸಿ ಕಳಿಸಲಿಲ್ಲ?’ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಚಂದ್ರನ ರಾತ್ರಿಯನ್ನು ದಾಟಬಲ್ಲ ಯಂತ್ರ ಕಟ್ಟಹೊರಟ ಎಂಜಿನಿಯರಿನ ಪ್ರಶ್ನೆಯೂ ಅದೇ. ಪದ್ಯ ಅಲ್ಲಿಂದ ಶುರುವಾಗಲಿ.