ಕಾಯಕದ ನೆಲೆ



ಕಾಯಕಕ್ಕೆ ಸ್ಥಳವು ಮುಖ್ಯವೋ, ಮನಸ್ಸು ಮುಖ್ಯವೋ ಎಂಬ ಪ್ರಶ್ನೆಯು ಇಂದು ಅನೇಕ ಭಕ್ತರ ಮನೆಗಳಲ್ಲಿ ಎದ್ದಿರುವುದು. 2020ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ಮಹಾಮಾರಿಯ ನಿಮಿತ್ತವಾಗಿ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ದುಡಿಯುತ್ತಿದ್ದ ನಮ್ಮ ಮಕ್ಕಳನೇಕರು ಗದಗ, ಹಾವೇರಿ, ಬೀದರ, ದಾವಣಗೆರೆಗಳ ಕಡೆಯ ತಮ್ಮ ಮನೆಗಳಿಗೆ ಮರಳಿ, ಅಲ್ಲಿಂದಲೇ ಕೆಲಸವನ್ನು ನಡೆಸಿದರು. ವೃದ್ಧ ತಂದೆತಾಯಿಗಳಿಗೆ ಆಸರೆ ದೊರೆಯಿತು. ಹಿರಿಯರೊಡನೆ ಕುಳಿತು ಪ್ರಸಾದ ಸ್ವೀಕರಿಸುವ ಭಾಗ್ಯವು ಕಿರಿಯರಿಗೊದಗಿತು.

ಬಳಿಕ ಕಾಲವು ತಿರುಗಿತು. ವಾರಕ್ಕೊಂದು ದಿನ ಬಂದರೆ ಸಾಕೆಂದ ಕಚೇರಿಯು ಮೂರು ದಿನವೆಂದಿತು, ಮೂರು ಐದಾಯಿತು. ಟಿ.ಸಿ.ಎಸ್. ಸಂಸ್ಥೆಯು 2023ರ ಅಕ್ಟೋಬರಿನಿಂದಲೂ, ಅಮೆಜಾನ್ ಸಂಸ್ಥೆಯು 2025ರ ಜನವರಿಯಿಂದಲೂ ವಾರಕ್ಕೆ 5 ದಿನ ಕಚೇರಿಗೆ ಬರತಕ್ಕದ್ದೆಂದು ವಿಧಿಸಿದವು. ಬಂದ ದಿನಗಳನ್ನು ಬಾಗಿಲಿನ ಯಂತ್ರವೇ ಎಣಿಸುವುದು. “ಅಜ್ಜನವರೇ, ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ, ನಾನು ಈ ಕೆಲಸವನ್ನು ಬಿಟ್ಟರೆ ಕಾಯಕದ್ರೋಹವಾದೀತೇ?” ಎಂದು ತರುಣರು ಕೇಳುವರು. ಇದು ಅನ್ನದ ಪ್ರಶ್ನೆ, ಸಾಲದ ಪ್ರಶ್ನೆ, ಧರ್ಮದ ಪ್ರಶ್ನೆಯೂ ಅಹುದು.

ಮೊದಲು ಅರಿಯತಕ್ಕುದು ಇಷ್ಟು: ನೌಕರಿಯು ಒಪ್ಪಂದ, ಕಾಯಕವು ವ್ರತ. ಒಪ್ಪಂದವನ್ನು ನ್ಯಾಯಮಾರ್ಗದಿಂದ ಮುಗಿಸಬಹುದು, ವ್ರತವನ್ನು ಬಿಡಲಾಗದು. ಒಬ್ಬ ಧಣಿಯನ್ನು ತೊರೆದ ಮಾತ್ರಕ್ಕೆ ಕಾಯಕವನ್ನು ತೊರೆದಂತಾಗದು. ಪರಮಾತ್ಮನನ್ನೇ ಒಂದು ನೆಲೆಯಲ್ಲಿ ಕಟ್ಟಿಹಾಕಲೊಲ್ಲದೆ ಇಷ್ಟಲಿಂಗರೂಪದಲ್ಲಿ ಅಂಗದ ಮೇಲೆ ಧರಿಸಿದ ಪರಂಪರೆ ನಮ್ಮದು. ಪೂಜೆಯು ಭಕ್ತನಿದ್ದಲ್ಲಿ ನಡೆಯಬಹುದಾದರೆ, ದುಡಿಮೆಯು ಒಂದೇ ಕಟ್ಟಡದಲ್ಲಿ ಮಾತ್ರ ಶುದ್ಧವಾಗುವುದೆಂದು ಹೇಳಲು ಬಾರದು.

ಆದರೆ ಈ ಮಾತನ್ನು ಮೈಗಳ್ಳತನಕ್ಕೆ ಮುಸುಕಾಗಿ ಬಳಸಲಾಗದು. ಮನೆಯಲ್ಲಿ ಕುಳಿತು ಒಂದು ಸಂಸ್ಥೆಯ ವೇಳೆಯನ್ನು ಇನ್ನೊಂದಕ್ಕೆ ಮಾರಿ ಗುಟ್ಟಾಗಿ ಎರಡು ಸಂಬಳ ಪಡೆಯುವವನ ಗಳಿಕೆಯು ಸತ್ಯಶುದ್ಧವಲ್ಲ. ಜನರು ಒಂದೆಡೆ ಕೂಡುವುದೂ ನಿಂದ್ಯವಲ್ಲ. ಕಲ್ಯಾಣದ ಅನುಭವಮಂಟಪವು ಕೂಡುವಿಕೆಯಿಂದಲೇ ಬೆಳಗಿತು; ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದರೆಂಬುದು ಪ್ರತೀತಿ. ಹೊಸದಾಗಿ ಕೆಲಸ ಕಲಿಯುವವನಿಗೆ ಹಿರಿಯರ ಪಕ್ಕದ ಆಸನವೇ ಪಾಠಶಾಲೆ. ಶರಣರನ್ನು ಸೆಳೆದುದು ಅನುಭಾವದ ಹಸಿವು, ಹಾಜರಿಯ ಲೆಕ್ಕವಲ್ಲ. ಹಾಜರಿಯನ್ನು ಕೇಳುವ ಧಣಿಗಳೂ ಈ ಭೇದವನ್ನು ಅರಿಯಬೇಕು. ಬೀದಿ ಗುಡಿಸುವವರಿಗೂ ರೋಗಿಗಳ ಶುಶ್ರೂಷೆ ಮಾಡುವವರಿಗೂ 2020ರಲ್ಲಿಯೂ ಮನೆಯಲ್ಲಿರುವ ಅನುಕೂಲ ದೊರೆಯಲಿಲ್ಲವೆಂಬುದನ್ನು ನಾವು ಮರೆಯಲಾಗದು. ನಮಗೆ ದೊರೆತುದನ್ನು ಹಕ್ಕೆಂದು ಬೀಗುವ ಮೊದಲು ಅವರನ್ನು ನೆನೆಯೋಣ.

ಹಾಗಾದರೆ ತೀರ್ಮಾನವೆಂತು? ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವು ಇಲ್ಲಿ ದಾರಿದೀಪ. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಗೆ ತಿಳಿಹೇಳಿದರು. ಬಡತನದಲ್ಲಿಯೂ ಆ ತಾಯಿಯು ‘ಎಷ್ಟು ಸಾಕು?’ ಎಂದು ಕೇಳಿಕೊಂಡಳು. ಕೆಲಸ ಬಿಡಹೊರಟವನು ಈ ಪ್ರಶ್ನೆಯನ್ನೇ ತನ್ನ ಮಡದಿಯೊಡನೆ ಕುಳಿತು ಕೇಳಿಕೊಳ್ಳಲಿ. ಕಡಿಮೆ ಸಂಬಳದಲ್ಲಿ ಸಂಸಾರ ನಡೆದೀತೇ? ಮನೆಯ ಸಾಲದ ಕಂತು ಯಾರ ಹೆಗಲಿಗೆ ಬೀಳುವುದು? ಬಿಡುವ ಕಾರಣವು ತಾಯಿಯ ಸೇವೆಯೋ, ಅಥವಾ ಮೇಲಧಿಕಾರಿಯ ಮೇಲಿನ ಮುನಿಸೋ? ಸೇವೆಯಾದರೆ ಬಿಡಲಿ, ಅದು ದಾಸೋಹದ ಒಂದು ರೂಪ. ಮುನಿಸಾದರೆ ತಾಳಲಿ, ಆ ಮುನಿಸು ಮುಂದಿನ ಕಚೇರಿಗೂ ಅವನನ್ನು ಹಿಂಬಾಲಿಸುವುದು.

ಬಿಡುವ ಬಗೆಯೂ ಶುದ್ಧವಾಗಿರಬೇಕು. ಧಣಿಗೆ ಮುಚ್ಚುಮರೆಯಿಲ್ಲದೆ ಕಾರಣ ತಿಳಿಸಿ, ಒಪ್ಪಿದ ಅವಧಿಯನ್ನು ಪೂರೈಸಿ, ಕೈಯಲ್ಲಿದ್ದ ಕೆಲಸವನ್ನು ಮುಂದಿನವನಿಗೆ ಅರ್ಥವಾಗುವಂತೆ ಒಪ್ಪಿಸಿ ಹೊರಡತಕ್ಕದ್ದು. ಬಿಟ್ಟ ಮೇಲೆ ಆಲಸ್ಯಕ್ಕೆ ಎಡೆಗೊಡಲಾಗದು. ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುವಾಗ ಲಿಂಗವು ಕೆರೆಗೆ ಜಾರಿದರೂ ಹಗ್ಗ ಹೊಸೆಯುವ ಕಾಯಕವನ್ನು ನಿಲ್ಲಿಸಲಿಲ್ಲವೆಂದೂ, ಲಿಂಗವೇ ಅವರ ಬೆನ್ನು ಹತ್ತಿ ಬಂದಿತೆಂದೂ ಶರಣರ ಕಥೆಗಳು ಸಾರುವವು. ಹಳೆಯ ಹಗ್ಗವು ಹರಿದರೆ ಹೊಸದನ್ನು ಹೊಸೆಯುವವನೇ ಕಾಯಕಜೀವಿ.

ಕಚೇರಿಗೆ ಮರಳುವವರಿಗೂ, ಮನೆಯಲ್ಲಿ ಉಳಿಯುವವರಿಗೂ ಗುರು ಬಸವಣ್ಣನವರು ನಿರ್ಮಲಬುದ್ಧಿಯನ್ನು ಕರುಣಿಸಲಿ.