ಮೂರು ಮಕ್ಕಳ ಶಾಲೆ

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸೇಂಟ್ ಕ್ಲಾಡ್ ರಸ್ತೆಯಲ್ಲಿ, 1929ರಲ್ಲಿ ಕಟ್ಟಿದ ಒಂದು ಹಳೆಯ ಸರ್ಕಾರಿ ಶಾಲೆಯ ಕಟ್ಟಡವಿದೆ. ಹೆಸರು ‘ಮೆಕ್‌ಡೊನೊ 19’. ಜಾನ್ ಮೆಕ್‌ಡೊನೊ ಗುಲಾಮರನ್ನು ದುಡಿಸಿಕೊಂಡು ಸಿರಿವಂತನಾದ ವ್ಯಾಪಾರಿ. 1850ರಲ್ಲಿ ಸಾಯುವ ಮುನ್ನ, ಬಡಮಕ್ಕಳ ಓದಿಗೆಂದು ಆಸ್ತಿಯ ಬಹುಪಾಲನ್ನು ಬರೆದಿಟ್ಟ. ಬಿಳಿಯರ ಮಕ್ಕಳಿಗೂ ಬಿಡುಗಡೆ ಪಡೆದ ಕರಿಯರ ಮಕ್ಕಳಿಗೂ ಅದು ಸಲ್ಲಬೇಕೆಂದ. ಆ ಹಣದಲ್ಲಿ ಎದ್ದ ಶಾಲೆಗಳು 30ಕ್ಕೂ ಹೆಚ್ಚು. ಅವನ ಹೆಸರಿಗೆ ಒಂದೊಂದು ನಂಬರು ಸೇರಿಸಿ ಅವನ್ನು ಕರೆಯುತ್ತಿದ್ದರು. ಆದರೆ ಹತ್ತೊಂಬತ್ತನೆಯದರ ಬಾಗಿಲು ಬಿಳಿಯರ ಮಕ್ಕಳಿಗಷ್ಟೇ ತೆರೆಯುತ್ತಿತ್ತು. ಯಾರ ಬೆವರಿನಿಂದ ಆ ಹಣ ಹುಟ್ಟಿತೋ ಅವರ ಮೊಮ್ಮಕ್ಕಳು ಶಾಲೆಯ ಮುಂದೆಯೇ ಹಾದು ದೂರದ ಬೇರೊಂದು ಶಾಲೆಗೆ ನಡೆದು ಹೋಗಬೇಕಿತ್ತು.

ಬಣ್ಣ ನೋಡಿ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟು 1954ರಲ್ಲೇ ತೀರ್ಪು ಕೊಟ್ಟಿತ್ತು. ಆ ತೀರ್ಪು ಈ ಬಾಗಿಲಿಗೆ ಬರಲು ಆರು ವರ್ಷ ಹಿಡಿಯಿತು. 1960ರ ನವೆಂಬರ್ 14, ಸೋಮವಾರ. ಲಿಯೋನಾ ಟೇಟ್, ಗೇಲ್ ಎಟಿಯೆನ್, ಟೆಸಿ ಪ್ರೆವೋಸ್ಟ್ ಎಂಬ ಆರು ವರ್ಷದ ಮೂವರು ಕರಿಯ ಹುಡುಗಿಯರು ಕೇಂದ್ರ ಸರ್ಕಾರದ ಮಾರ್ಷಲ್‌ಗಳ ನಡುವೆ ಆ ಮೆಟ್ಟಿಲು ಹತ್ತಿದರು. ಹೊರಗೆ ಕೂಗಾಡುವ ಜನ. ಅದೇ ದಿನ ಅದೇ ಊರಿನ ಇನ್ನೊಂದು ಶಾಲೆಗೆ ರೂಬಿ ಬ್ರಿಜಸ್ ಎಂಬ ಹುಡುಗಿ ಒಬ್ಬಳೇ ಹೋದಳು. ಅವಳ ಚಿತ್ರ ಜಗತ್ತಿಗೆಲ್ಲ ಗೊತ್ತು. ಈ ಮೂವರ ಹೆಸರು ಬಹಳ ಕಾಲ ಅಷ್ಟಾಗಿ ಯಾರ ನಾಲಿಗೆಯ ಮೇಲೂ ಬರಲಿಲ್ಲ.

ಬಿಳಿಯ ತಂದೆತಾಯಂದಿರು ಒಬ್ಬೊಬ್ಬರಾಗಿ ಬಂದು ತಮ್ಮ ಮಕ್ಕಳನ್ನು ಕರೆದೊಯ್ದರು. ಅಷ್ಟು ದೊಡ್ಡ ಕಟ್ಟಡದಲ್ಲಿ ಕೊನೆಗೆ ಉಳಿದ ಮಕ್ಕಳು ಈ ಮೂವರೇ, ಅವರಿಗೆ ಪಾಠ ಹೇಳಲು ಒಬ್ಬ ಶಿಕ್ಷಕಿ. ಒಳಗಿರುವವರು ಹೊರಗೆ ಕಾಣದಂತೆ ಕಿಟಕಿಗಳಿಗೆ ಕಂದು ಕಾಗದ ಅಂಟಿಸಿದರು. ಕುಡಿಯುವ ನೀರಿನ ನಲ್ಲಿಗಳನ್ನು ನಿಲ್ಲಿಸಿದರು. ಬುತ್ತಿ ಮನೆಯಿಂದಲೇ ಬರುತ್ತಿತ್ತು. ಅಂಗಳಕ್ಕೆ ಹೋಗುವಂತಿರಲಿಲ್ಲವಾದ್ದರಿಂದ ಆಟವೆಲ್ಲ ಮೆಟ್ಟಿಲ ಕೆಳಗಿನ ಜಾಗದಲ್ಲಿ. ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಮೆಟ್ಟಿಲ ಕೆಳಗೇ. ಕೋರ್ಟು, ಶಾಸನಸಭೆ, ಬೀದಿಯ ಗುಂಪು ಎಲ್ಲವೂ ಹೊರಗೆ ಗುಡುಗುತ್ತಿರುವಾಗ ಮೂವರು ಹುಡುಗಿಯರು ಅಲ್ಲಿ ಯಾವ ಆಟ ಆಡಿರಬಹುದು? ಕಣ್ಣಾಮುಚ್ಚಾಲೆಯಂಥದ್ದಾದರೆ, ಬಚ್ಚಿಟ್ಟುಕೊಳ್ಳಲು ಅವರಿಗೆ ಎಷ್ಟೊಂದು ಖಾಲಿ ಕೋಣೆಗಳಿದ್ದವು!

ಇದನ್ನು ಓದುವಾಗ ನನಗೆ ನಮ್ಮ ಧಾರವಾಡ ನೆನಪಾಗುತ್ತದೆ. 1856ರಲ್ಲಿ, ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಹಾರ್ ಜಾತಿಯ ಹುಡುಗನೊಬ್ಬ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಆಗಿನ ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಅವನ ಮಾತಿನಲ್ಲಿ ನ್ಯಾಯವಿದೆ ಎಂದು ಸರ್ಕಾರ ಒಪ್ಪಿಕೊಂಡಿತು, ಆದರೂ ಸೇರಿಸಿಕೊಳ್ಳಲಿಲ್ಲ. ಒಬ್ಬನನ್ನು ಒಳಗೆ ಬಿಟ್ಟರೆ ಉಳಿದವರೆಲ್ಲ ಎದ್ದು ಹೋಗಿ ಶಾಲೆಯೇ ವ್ಯರ್ಥವಾದೀತು ಎಂಬುದು ಅದರ ಅಂಜಿಕೆ.

ಮೆಕ್‌ಡೊನೊ 19ರಲ್ಲಿ ಆ ಅಂಜಿಕೆ ಅಕ್ಷರಶಃ ನಿಜವಾಯಿತು. ಎಲ್ಲರೂ ಎದ್ದು ಹೋದರು. ಹಾಗಾದರೆ ಶಾಲೆ ವ್ಯರ್ಥವಾಯಿತೇ? ಬೆಳಿಗ್ಗೆ ಹಾಜರಿ ಕರೆದಿರಬೇಕು, ಮೂರು ಹೆಸರು. ಮೂರು ದನಿ ‘ಇದ್ದೇನೆ’ ಎಂದಿರಬೇಕು. ಅಕ್ಷರ ಕಲಿತರು, ಲೆಕ್ಕ ಕಲಿತರು, ಕಾಗದ ಮುಚ್ಚಿದ ಕಿಟಕಿಯ ಮಬ್ಬು ಬೆಳಕಿನಲ್ಲಿ ವರ್ಷ ಕಳೆದರು. 31 ವರ್ಷ ಮಕ್ಕಳಿಂದ ಗಿಜಿಗುಡುತ್ತಿದ್ದ ಆ ಕಟ್ಟಡ ನಿಜವಾಗಿ ಎಲ್ಲರ ಶಾಲೆಯಾದದ್ದು ಅದು ಬರಿದಾದ ದಿನವೇ ಎಂದು ನನಗೆ ಅನ್ನಿಸುತ್ತದೆ. ಖಾಲಿ ಬೆಂಚುಗಳ ಲೆಕ್ಕ ಎದ್ದು ಹೋದವರ ಹೆಸರಿಗೆ ಬರೆಯಬೇಕಾದದ್ದು. ಧಾರವಾಡದಲ್ಲಿ ಅಧಿಕಾರಿಗಳು ಅದನ್ನು ಒಳಗೆ ಬರಬಯಸಿದ ಒಬ್ಬ ಹುಡುಗನ ಹೆಸರಿಗೆ ಬರೆದುಬಿಟ್ಟರು.

ಮುಂದಿನದು ಸುಖದ ಕಥೆಯೇನಲ್ಲ. ಮೂವರನ್ನು ಬೇರೆ ಶಾಲೆಗೆ ಹಾಕಿದಾಗ ಕಾವಲಿಗೆ ಮಾರ್ಷಲ್‌ಗಳಿರಲಿಲ್ಲ. ಅಲ್ಲಿ ಹೊಡೆತ ತಿಂದರು, ಮೈಮೇಲೆ ಉಗುಳಿಸಿಕೊಂಡರು. ಮೆಕ್‌ಡೊನೊ 19 ಕರಿಯರ ಮಕ್ಕಳ ಶಾಲೆಯಾಯಿತು, ಆ ಊರಿನ ಮಗನೇ ಆದ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗನ ಹೆಸರು ಪಡೆಯಿತು, 2004ರಲ್ಲಿ ಮುಚ್ಚಿತು. ಮರುವರ್ಷ ಕತ್ರೀನಾ ಚಂಡಮಾರುತ ಬೀಸಿ ಆ ಬಡಾವಣೆಯೇ ನೀರಲ್ಲಿ ಮುಳುಗಿತು. ಬಣ್ಣ ಕಳಚಿದ ಆ ಗೋಡೆಗಳನ್ನು ಕೆಡವಲು ಬಿಡದೆ ವರ್ಷಗಟ್ಟಲೆ ಓಡಾಡಿದವರು ಲಿಯೋನಾ ಟೇಟ್. ತಾನು ಬೇಡವಾಗಿದ್ದ ಮನೆಯನ್ನು ತಾನೇ ಉಳಿಸಿಕೊಳ್ಳುವುದಕ್ಕೆ ಎಂಥ ಪ್ರೀತಿ ಬೇಕು!

2022ರಲ್ಲಿ ಕಟ್ಟಡ ಮತ್ತೆ ತೆರೆಯಿತು. ಈಗ ಅಲ್ಲಿ ಹಿರಿಯ ನಾಗರಿಕರಿಗೆಂದು ಕಡಿಮೆ ಬಾಡಿಗೆಯ 25 ಮನೆಗಳಿವೆ. ನೆಲ ಅಂತಸ್ತಿನಲ್ಲಿ ಆ ದಿನಗಳ ಚರಿತ್ರೆಯನ್ನು ಹೇಳುವ ಕೋಣೆಗಳಿವೆ. ಟೆಸಿ 2024ರಲ್ಲಿ ತೀರಿಕೊಂಡರು. ಬಾಗಿಲ ಮೇಲಿನ ಹೆಸರು ಈಗ ಟಿ.ಇ.ಪಿ. ಸೆಂಟರ್: ಟೇಟ್, ಎಟಿಯೆನ್, ಪ್ರೆವೋಸ್ಟ್.